ಎರಡನೇ ಶೆಡ್ಡಿನ ನೆಲ

ದೊಡ್ಡವ್ವ ತೀರಿಕೊಂಡ ಮೂರನೇ ದಿನ ಪಾಮನಕಲ್ಲೂರಿನ ಅವರ ಮನೆಯ ಮುಂದೆ ಒಂದಷ್ಟು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅವುಗಳಲ್ಲೊಂದರಲ್ಲಿ ಕುಳಿತು ಕೋಳಿ ಫಾರ್ಮಿನ ಸಾವಕಾರ್ರು ಹೇಳಿದರು:

"ಭಾಳ ಸಾದಾ ಮನಿಷ್ಯಾಳು. ಎಂಟು ವರ್ಷ ನನ್ನ ಕಡೆ ದುಡದ್ಲು. ಒಂದು ದಿನಾನೂ ಎದುರು ಮಾತಾಡಿದಾಕಿ ಅಲ್ಲ."

ಸುತ್ತ ಕುಳಿತವರು ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪುತ್ತೇನೆ. ಆದರೆ ಇದು ಒಳ್ಳೆಯ ಮಾತಲ್ಲ, ಸುಳ್ಳು ಮಾತು. ನನ್ನ ಹತ್ತಿರ ಲೆಕ್ಕವಿದೆ.

ಅದೇ ಸಾವಕಾರ್ರ ಫಾರ್ಮಿನಲ್ಲಿ ನಾನು ನಾಲ್ಕು ವರ್ಷ ಪುಸ್ತಕ ಬರೆದಿದ್ದೇನೆ. ಎಷ್ಟು ಮರಿ ಬಂದವು, ಎಷ್ಟು ಸತ್ತವು, ಎಷ್ಟು ಚೀಲ ಮೇವು ಹೋಯಿತು, ಬೆಳಿಗ್ಗೆ ಶೆಡ್ಡಿನೊಳಗೆ ಎಷ್ಟು ಸೆಕೆ ಇತ್ತು. ಇವೆಲ್ಲ ಫಾರ್ಮಿನ ಪುಸ್ತಕಕ್ಕೆ. ಉಳಿದದ್ದು ನನ್ನ ದಿನಚರಿಗೆ. ಕೋಳಿ ಸಾಕಣೆಯಲ್ಲಿ ಒಂದು ಬ್ಯಾಚು ಎಂದರೆ ನಲವತ್ತೆರಡು ದಿನ. ನಾನು ಸೇರಿದ ಮೊದಲ ಬ್ಯಾಚಿನಲ್ಲಿ, ದೊಡ್ಡವ್ವ ಸಾವಕಾರ್ರಿಗೆ "ಇಲ್ಲ" ಅಂದಾಗಲೆಲ್ಲ ದಿನಚರಿಯ ಕೊನೆಯ ಹಾಳೆಯಲ್ಲಿ ಒಂದು ಗೀಟು ಎಳೆದಿದ್ದೆ. ನಲವತ್ತೆರಡು ದಿನಕ್ಕೆ ಹದಿನೇಳು ಗೀಟು. ಬಾಯಿ ಬಿಡದೆ ಬರೀ ಕೈ ಅಲ್ಲಾಡಿಸಿ ಅಂದದ್ದನ್ನು ಹಿಡಿದಿಲ್ಲ.

ಹಾಜರಿ ಪುಸ್ತಕದಲ್ಲಿ ಅವರ ಹೆಸರನ್ನು ನಾನೇ ದಿನಾ ಬರೆಯುತ್ತಿದ್ದೆ. ಇಲ್ಲಿ ಬರೆಯುವುದಿಲ್ಲ. ಆ ಹೆಸರಿನಿಂದ ಫಾರ್ಮಿನಲ್ಲಿ ಯಾರೂ ಅವರನ್ನು ಕರೆಯಲಿಲ್ಲ; ಎಲ್ಲರಿಗೂ ದೊಡ್ಡವ್ವ. ನನಗೆ ಅವರು ಇಟ್ಟ ಹೆಸರು ಕಾಗದದವ್ವ.

*

ಮೊದಲ ದಿನ ಸೋಮವಾರ. ಬಳಗಾನೂರಿನಿಂದ ಬಸ್ಸಿಗೆ ಬಂದು ಕಾಲುವೆ ಸೇತುವೆಯ ಹತ್ತಿರ ಇಳಿದು, ಒಂದು ಮೈಲಿ ನಡೆದು ಶೆಡ್ಡಿನ ಬಾಗಿಲಿಗೆ ಬಂದೆ. ಬಾಗಿಲಲ್ಲಿ ಒಬ್ಬ ಮುದುಕಿ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿಕೊಂಡು, ಬುಟ್ಟಿಯನ್ನು ಸೊಂಟಕ್ಕೆ ಆನಿಸಿ ನಿಂತಿದ್ದರು. ಸಣ್ಣ ಆಳು. ಕೈ ಮಾತ್ರ ಆ ಮೈಗೆ ದೊಡ್ಡದು. ಬೇರೆ ಯಾರದೋ ಕೈ ತಂದು ಜೋಡಿಸಿದಂತೆ.

"ಎಲ್ಲಿಂದ ಬಂದಿ?"

"ಬಳಗಾನೂರಿನಿಂದ ರೀ. ಪುಸ್ತಕ ಬರಿಯಾಕ."

"ಮನ್ಯಾಗ ಕೋಳಿ ಅದಾವೇನು?"

"ಎರಡು ಅದಾವ ರೀ. ಅಮ್ಮ ಸಾಕ್ಯಾಳ."

"ಮುಂಜಾನಿ ಅವುಕ್ಕ ಕಾಳು ಹಾಕಿ ಬಂದೀಯೇನು?"

"ಹೂಂ ರೀ."

"ಹಂಗಾದ್ರ ಇವತ್ತು ಒಳಗ ಬರಬ್ಯಾಡ. ನಾಳಿ ಬಾ, ತಲಿಮ್ಯಾಲ ನೀರು ಹಾಕ್ಕೊಂಡು ಬಾ. ಕಾಳು ನಿಮ್ಮವ್ವ ಹಾಕಲಿ."

ನಾನು ಸಾವಕಾರ್ರು ಕರೆದಿದ್ದಾರೆ ಎಂದೆ. ಕರೆದವರ ಮನೆಗೆ ಹೋಗು, ಇದು ಮರಿಗಳ ಮನೆ ಎಂದರು. ಆ ದಿನವೆಲ್ಲ ಹೊರಗೆ ಬೇವಿನ ಮರದ ಕೆಳಗೆ ಕುಳಿತು ಹಳೆಯ ಹಾಳೆಗಳನ್ನು ನಕಲು ಮಾಡಿದೆ. ದಿನಚರಿಯಲ್ಲಿ ಆ ದಿನದ ಸಾಲು: "ಕೆಲಸಕ್ಕೆ ಹಾಜರು. ಒಳಗೆ ಬಿಡಲಿಲ್ಲ." ಸಿಟ್ಟು ಬಂದಿತ್ತು. ಮನೆಕೋಳಿಯ ರೋಗ ನಮ್ಮ ಕಾಲಿಗೆ, ಬಟ್ಟೆಗೆ ಅಂಟಿಕೊಂಡು ಫಾರ್ಮಿನ ಮರಿಗಳಿಗೆ ಬರುತ್ತದೆ ಎನ್ನುವುದು ಆಮೇಲೆ ಗೊತ್ತಾಯಿತು. ಅವರು ವಿವರಿಸಲಿಲ್ಲ. ವಿವರಿಸುವ ಅಭ್ಯಾಸ ಅವರಿಗಿರಲಿಲ್ಲ.

ಬಾಗಿಲಲ್ಲಿ ಒಂದು ನೀಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು ಸುಣ್ಣದ ನೀರು ತುಂಬಿಟ್ಟಿದ್ದರು. ಯಾರೇ ಬರಲಿ, ಚಪ್ಪಲಿ ಹೊರಗೆ, ಕಾಲು ಅದರಲ್ಲಿ. ಸಾವಕಾರ್ರು ಒಮ್ಮೆ ಅವಸರದಲ್ಲಿ ಚಪ್ಪಲಿ ಮೆಟ್ಟಿಕೊಂಡೇ ದಾಟಲು ನೋಡಿದರು. ದೊಡ್ಡವ್ವ ಪೊರಕೆಯನ್ನು ಬಾಗಿಲಿಗೆ ಅಡ್ಡ ಹಿಡಿದರು.

"ಬೇ, ಇದು ನನ್ನ ಶೆಡ್ಡು."

"ಹೌದ್ರಿ, ನಿಮ್ದ. ಚಪ್ಪಲೀನೂ ನಿಮ್ದ. ಎರಡೂ ಒಂದಕಡಿ ಕೂಡಿಸಬ್ಯಾಡ್ರಿ."

ಸಾವಕಾರ್ರು ಬೈದುಕೊಂಡೇ ಚಪ್ಪಲಿ ಬಿಟ್ಟರು. ಅದು ಆರನೇ ಗೀಟು.

*

ಅವರ ಕೆಲಸದ ಕ್ರಮವನ್ನು ಬರೆದಿಡಬೇಕು, ಏಕೆಂದರೆ ಅದನ್ನು ಕೆಲಸ ಎಂದು ಯಾರೂ ಕರೆಯುತ್ತಿರಲಿಲ್ಲ. "ಹೇಲು ಬಳಿಯೋದು" ಎನ್ನುತ್ತಿದ್ದರು.

ಒಂದು ಬ್ಯಾಚಿನ ಕೋಳಿ ಲಾರಿ ಹತ್ತಿದ ಮೇಲೆ ಶೆಡ್ಡಿನ ನೆಲದಲ್ಲಿ ನಲವತ್ತೆರಡು ದಿನದ ಹಿಕ್ಕೆ, ಮರಿಗಳಿಗೆ ಹಾಸಿಗೆಯಾಗಿ ಹರವಿದ ನೆಲ್ಲಿನ ಹೊಟ್ಟು, ಪುಕ್ಕ ಎಲ್ಲ ಸೇರಿ ಗಟ್ಟಿ ಹಪ್ಪಳದಂತೆ ಕೂತಿರುತ್ತದೆ. ದೊಡ್ಡವ್ವ ದೂರದ ಮೂಲೆಯಿಂದ ಶುರುಮಾಡುತ್ತಿದ್ದರು, ಬಾಗಿಲ ಕಡೆಗೆ ಬರುತ್ತಿದ್ದರು. ತೊಳೆದ ನೆಲವನ್ನು ಮತ್ತೆ ತುಳಿಯುವಂತಿಲ್ಲ. ಮೊದಲು ಒಣಗಿದ್ದನ್ನು ಒಣಗಿದ್ದಾಗಲೇ ಕುರ್ಪಿಯಿಂದ ಕೆರೆಯುವುದು. ನೀರು ಆಮೇಲೆ. ಮೊದಲೇ ನೀರು ಬಿಟ್ಟರೆ ಹಿಕ್ಕೆ ಅಂಬಲಿಯಾಗಿ ಕಂಬದ ಬುಡಕ್ಕೆ, ಸಿಮೆಂಟಿನ ಬಿರುಕಿಗೆ ಇಳಿದು ಅಲ್ಲೇ ಉಳಿಯುತ್ತದೆ. ಕೆರೆದು, ಬುಟ್ಟಿಯಲ್ಲಿ ಹೊತ್ತು ಹಾಕಿ, ಗುಡಿಸಿ, ಮತ್ತೆ ತೊಳೆದು, ತೆಂಗಿನ ನಾರಿನಿಂದ ತಿಕ್ಕಿ, ಒಣಗಿಸಿ, ಸುಣ್ಣ ಬಳಿದು, ಮತ್ತೆ ಒಣಗಿಸುವುದು. ಕಂಬದ ಬುಡಕ್ಕೆ ಬಂದಾಗ ಕುರ್ಪಿ ಬಿಟ್ಟು ಉಗುರು. ನೀರಿನ ಡಬ್ಬಿಗಳ ಅಂಚಿಗೆ ಹಲ್ಲುಜ್ಜುವ ಹಳೆಯ ಬ್ರಷ್ಷು. ಒಂದು ಬ್ಯಾಚಿನಲ್ಲಿ ಅವರು ದಿನಾ ತೊಳೆದ ಡಬ್ಬಿಗಳ ಲೆಕ್ಕ ಇಟ್ಟೆ; ಎರಡು ಸಾವಿರ ದಾಟಿದ ಮೇಲೆ ಎಣಿಸುವುದು ನನಗೇ ಬೇಸರವಾಯಿತು. ತೊಳೆಯುವುದು ಅವರಿಗೆ ಬೇಸರವಾಗಲಿಲ್ಲ.

ಕೊನೆಗೆ ಎರಡು ಪರೀಕ್ಷೆ. ಒಂದು, ಸಂಜೆ ಊಟದ ತಾಟೊಂದನ್ನು ನೆಲದ ಮೇಲೆ ಬೋರಲು ಹಾಕಿ ಹೋಗುವುದು. ಬೆಳಿಗ್ಗೆ ಎತ್ತಿದಾಗ ತಾಟಿನ ಒಳಮೈಯಲ್ಲಿ ನೀರಿನ ಹನಿ ಕಂಡರೆ ನೆಲ ಇನ್ನೂ ಒಳಗೆ ಒದ್ದೆ ಎಂದು ಅರ್ಥ. ಇನ್ನೊಂದು, ಮೊಣಕಾಲೂರಿ ಬಗ್ಗಿ, ನೆಲದಿಂದ ಒಂದು ಗೇಣು ಮೇಲೆ ಮೂಗಿಟ್ಟು ಉಸಿರೆಳೆಯುವುದು.

"ನಿಂತು ಮೂಸಿದ್ರ ಆಗಲ್ಲೇನು?" ಎಂದು ಕೇಳಿದ್ದೆ.

"ಮರಿ ಮೂಗು ಇಲ್ಲಿರ್ತೈತಿ ಕಾಗದದವ್ವ. ನಿನ್ನ ಮೂಗು ನೋಡು, ಎಲ್ಲೋ ಮ್ಯಾಲ ಕುಂತೈತಿ."

ಒಮ್ಮೆ ಮಸ್ಕಿಯಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಮುಂದಿನ ಸೀಟಿನ ಹೆಂಗಸು ದೊಡ್ಡವ್ವನತ್ತ ತಿರುಗಿ ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ತಲೆ ತಗ್ಗಿಸಿದೆ. ದೊಡ್ಡವ್ವ ಅವಳ ಹೆಗಲು ತಟ್ಟಿದರು.

"ವಾಸನಿ ಬರ್ತೈತಿ ಹೌದು ಯವ್ವಾ. ನೀವು ಐತವಾರ ಮನ್ಯಾಗ ಕೋಳಿ ಮಾಡ್ತೀರಲ್ಲ, ಅದರ ತವರುಮನಿ ವಾಸನಿ ಇದು. ಸೆರಗು ತಗಿ, ಪರಿಚಯ ಆಗಲಿ."

ಇಡೀ ಬಸ್ಸು ನಕ್ಕಿತು. ಕೊನೆಗೆ ಆ ಹೆಂಗಸೂ ನಕ್ಕಳು. ಇಳಿಯುವಾಗ ದೊಡ್ಡವ್ವ ನನಗೆ ಹೇಳಿದರು: "ನೀ ಯಾಕ ತಲಿ ಬಗ್ಗಿಸಿದಿ? ನಿನ್ನ ಮೈಯಾಗ ಇನ್ನಾ ವಾಸನಿನ ಹತ್ತಿಲ್ಲ."

*

ಅವರನ್ನು ದೇವತೆ ಮಾಡುವ ಉದ್ದೇಶ ನನಗಿಲ್ಲ. ಅವರ ಹಟವೇ ಅವರನ್ನು ತಿಂದಿತು. ಒಣ ಹಿಕ್ಕೆ ಕೆರೆಯುವಾಗ ಏಳುವ ಧೂಳು ಎಂಥದೆಂದರೆ ಬಾಗಿಲಿನಿಂದ ಒಳಗಿನ ಮನುಷ್ಯರು ಕಾಣುವುದಿಲ್ಲ. ನಾನು ಸಿಂಧನೂರಿನಿಂದ ಮಾಸ್ಕು ತಂದು ಕೊಟ್ಟೆ. ಮೂರು ಸಲ ತಂದುಕೊಟ್ಟೆ. ಮೂರನ್ನೂ ಕಂಬದ ಮೊಳೆಗೆ ತೂಗುಹಾಕಿದರು.

"ಮೂಗು ಕಟ್ಟಿಕೊಂಡ್ರ ನಾ ಕುರುಡಿ ಆಗ್ತೀನಿ. ಎಲ್ಲಿ ಕೆಟ್ಟೈತಿ ಅಂತ ಹೆಂಗ ಗೊತ್ತಾಗಬೇಕು?"

"ಕೆರಿವಾಗಾದ್ರೂ ಕಟ್ಟಿಕೊ."

"ಕೆರಿವಾಗನ ಗೊತ್ತಾಗೋದು."

ಕೊನೆಯ ವರ್ಷ, ಕೆಮ್ಮು ನಿಲ್ಲದಾದಾಗ, ಲಿಂಗಸೂಗೂರಿನ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಎಷ್ಟು ವರ್ಷದಿಂದ ಈ ಧೂಳಿನಲ್ಲಿ ಕೆಲಸ ಎಂದು ವೈದ್ಯರು ಕೇಳಿದಾಗ, ದೊಡ್ಡವ್ವ ವರ್ಷ ಹೇಳಲಿಲ್ಲ, ಬ್ಯಾಚು ಹೇಳಿದರು. ವೈದ್ಯರು ಎಕ್ಸರೇ ಹಿಡಿದು ನನ್ನ ಮುಖ ನೋಡಿದರು. ಹೊರಗೆ ಬಂದು ನಾನು ಜಗಳವಾಡಿದೆ. ಮೂರು ಮಾಸ್ಕಿನ ಮಾತು ತೆಗೆದೆ. ಅವರು, "ನೀ ಹೇಳಿದ್ದು ಬರೋಬರಿ ಐತಿ" ಎಂದರು. ಅವರು ನನಗೆ ಸೋತದ್ದು ಅದೊಂದೇ ಸಲ. ಆ ಗೆಲುವು ನನಗೆ ಬೇಕಿರಲಿಲ್ಲ.

ನಾನು ಹೇಳಬೇಕಾದ ಮುಖ್ಯ ಸಂಗತಿ ಅದಕ್ಕೂ ಮೂರು ವರ್ಷ ಹಿಂದಿನದು.

*

ಫಾರ್ಮಿನಲ್ಲಿ ಎರಡು ಶೆಡ್ಡು. ಮೊದಲನೆಯದು ಹಳೆಯದು, ದಿಬ್ಬದ ಮೇಲಿದೆ. ಎರಡನೆಯದು ಹೊಸದು, ನೆಲ್ಲಿನ ಗದ್ದೆಗೆ ಮಣ್ಣು ತುಂಬಿ ಅದರ ಮೇಲೆ ಕಟ್ಟಿದ್ದು. ಮೂರು ಕಡೆಯೂ ಗದ್ದೆ. ಕಾಲುವೆಗೆ ನೀರು ಬಿಟ್ಟಾಗ ಸುತ್ತಲೂ ನೀರು ನಿಲ್ಲುತ್ತದೆ.

ಆ ವರ್ಷ ಸಾವಕಾರ್ರು ಜೋರಾಗಿ ನೀರು ಚಿಮ್ಮಿಸುವ ಮಷೀನು ತಂದರು. ಶೆಡ್ಡಿನ ಮುಂದೆ ನಿಲ್ಲಿಸಿ ದೊಡ್ಡವ್ವನನ್ನು ಕರೆದರು.

"ನೋಡು ಬೇ ದೊಡ್ಡವ್ವ, ನಿನಗ ಇನ್ನ ಆರಾಮ. ನೀನು ಎಂಟು ದಿನ ಮಾಡೂದು ಇದು ಅರ್ಧ ದಿನದಾಗ ಮಾಡ್ತೈತಿ."

"ಇದಕ್ಕ ಮೂಗು ಎಲ್ಲೈತ್ರಿ?"

ಸಾವಕಾರ್ರು ಸಿಂಧನೂರಿನ ಪೇಟೆಯಲ್ಲಿ ಬೆಳೆದವರು; ಮಾತಿಗೆ ಮಾತು ಅವರಿಗೂ ಬರುತ್ತದೆ. "ಮೂಗಿಲ್ಲ, ಅದಕ್ಕ ಬಾಯೂ ಇಲ್ಲ. ಅದ ಚಲೋ" ಎಂದರು. ಹಳೆಯ ಶೆಡ್ಡು ದೊಡ್ಡವ್ವನಿಗೆ, ಹೊಸದು ಮಷೀನಿಗೆ ಎಂದು ಹಂಚಿಕೆಯಾಯಿತು.

ದೊಡ್ಡವ್ವ ಹಳೆಯ ಶೆಡ್ಡನ್ನು ತೊಳೆದು ಒಣಗಿಸಿ ಮುಗಿಸಿದ ದಿನ, ಮಷೀನಿನ ಆಪರೇಟರ್ ಹೊಸದರ ಒಣ ಹಿಕ್ಕೆಯ ಮೇಲೆ ನೇರ ನೀರು ಬಿಟ್ಟ. ಮಧ್ಯಾಹ್ನಕ್ಕೆ ನೆಲ ಕನ್ನಡಿಯಂತೆ ಹೊಳೆಯಿತು. ನಮ್ಮ ಕಡೆಯ ಬಿಸಿಲಿಗೆ ಸಂಜೆಯೊಳಗೆ ಬೆಳ್ಳಗಾಗಿ ಒಣಗಿತು. ಮರಿ ಕೊಟ್ಟು, ಬೆಳೆದ ಕೋಳಿ ಒಯ್ಯುವ ಕಂಪನಿಯವರ ಹತ್ತಿರ ಮರಿ ತಯಾರಿದ್ದವು. ಸಾವಕಾರ್ರು ಮರುದಿನವೇ ಹೊಟ್ಟು ಹರವಿ, ಅದರ ಮರುದಿನ ಮರಿ ಇಳಿಸಬೇಕೆಂದು ಹೊರಟರು. ಆ ಸಂಜೆ ದೊಡ್ಡವ್ವ ಯಾರನ್ನೂ ಕೇಳದೆ ಎರಡನೇ ಶೆಡ್ಡಿಗೆ ಹೋಗಿ ನಡುವೆ ತಾಟು ಬೋರಲು ಹಾಕಿ ಬಂದರು.

ಬೆಳಿಗ್ಗೆ ತಾಟಿನ ಒಳಗೆ ಹನಿ ಸಾಲುಗಟ್ಟಿದ್ದವು. ಅದನ್ನು ಸಾವಕಾರ್ರ ಮುಖದ ಮುಂದೆ ಹಿಡಿದರು.

"ನೆಲ ಇನ್ನಾ ನೀರು ಬಿಡಾಕತ್ತೈತ್ರಿ. ಹೊಟ್ಟು ಹಾಕಬ್ಯಾಡ್ರಿ."

"ಸುಡು ಬಿಸಿಲು ಐತಿ, ಕಾಲಿಟ್ರ ಒಣ ಅಂತೈತಿ. ತಾಟಿನ ಮಾತು ಕೇಳಬೇಕೇನು ನಾ?"

"ಈ ಶೆಡ್ಡು ಕಟ್ಟೂಕಿಂತ ಪೈಲಾ ಇದೇ ಗದ್ದ್ಯಾಗ ನಾ ನಾಲ್ಕು ವರ್ಷ ನೆಲ್ಲು ಹಚ್ಚೀನ್ರಿ. ಮೊಣಕಾಲು ಮಟ ಹುಗೀತಿತ್ತು. ಇದು ಜಲ್ದಿ ಒಣಗೂ ಭೂಮಿ ಅಲ್ಲ. ಕಾಲುವಿ ನೀರು ಇರೂತನ ಇದು ಕೆಳಗಿಂದ ಕುಡೀತೈತಿ."

"ಸಿಮೆಂಟ್ ಹಾಕೀನಿ ಬೇ ಅದಕ್ಕ."

"ಮ್ಯಾಲ ಹಾಕೀರಿ."

ಸಾವಕಾರ್ರು ನಕ್ಕು, ಹೊಟ್ಟು ಹರವಿಸಿದರು. ಎರಡೂ ಶೆಡ್ಡಿಗೆ ಮರಿ ಬಂದವು. ಎಳೆ ಮರಿಗೆ ಬೆಚ್ಚಗಿರಲೆಂದು ಅವುಗಳ ಮೇಲೆ ದೊಡ್ಡ ಬಲ್ಬುಗಳನ್ನು ಹಾಕಿದರು. ಎರಡನೇ ಶೆಡ್ಡಿನಲ್ಲಿ ಕೆಳಗಿನಿಂದ ತೇವ, ಮೇಲಿನಿಂದ ಶಾಖ.

ಫಾರ್ಮಿನ ಪುಸ್ತಕದಿಂದ ನನ್ನ ದಿನಚರಿಗೆ ಇಳಿಸಿಕೊಂಡ ಸತ್ತ ಮರಿಗಳ ಸಾಲು ಹೀಗಿದೆ. ಐದನೇ ದಿನ: ಮೊದಲ ಶೆಡ್ಡು ನಾಲ್ಕು, ಎರಡನೇ ಶೆಡ್ಡು ಒಂಬತ್ತು. ಆರನೇ ದಿನ: ಮೂರು, ಹದಿನಾಲ್ಕು. ಏಳನೇ ದಿನ: ನಾಲ್ಕು, ಇಪ್ಪತ್ಮೂರು. ಎಂಟನೇ ದಿನ: ಎರಡು, ಮೂವತ್ತೊಂದು. ಎರಡನೇ ಶೆಡ್ಡಿನ ಮರಿಗಳು ಕುತ್ತಿಗೆ ಚಾಚಿ, ಬಾಯಿ ತೆರೆದು ಉಸಿರಾಡುತ್ತಿದ್ದವು. ಸದ್ದಿರಲಿಲ್ಲ. ಮರಿಗಳಿರುವ ಶೆಡ್ಡಿನಲ್ಲಿ ಸದ್ದಿಲ್ಲದಿರುವುದು ಕೆಟ್ಟದ್ದು.

ಎಂಟನೇ ದಿನ ಸಾವಕಾರ್ರು ನನ್ನ ಮೇಜಿಗೆ ಬಂದರು.

"ನೋಡವ್ವಾ, ಎರಡೂ ಶೆಡ್ಡು ನಂದ. ಸತ್ತದ್ದೂ ನಂದ. ಎರಡು ಸಾಲು ಯಾಕ ಸುಮ್ಕ? ಕೂಡಿಸಿ ಒಂದ ಬರಿ."

ಮಾತು ಸರಿಯಾಗಿಯೇ ಕೇಳಿಸಿತು. ಆ ದಿನದ ಎರಡು ಅಂಕಿ ಕೂಡಿಸಿ ಮೂವತ್ಮೂರು ಎಂದು ಒಂದೇ ಸಾಲಿನಲ್ಲಿ ಬರೆದೆ. ಒಪ್ಪಿಕೊಳ್ಳುತ್ತೇನೆ, ನಾನೇ ಬರೆದೆ. ಹಿಂದಿನ ದಿನಗಳನ್ನೂ ಹೊಸ ಹಾಳೆಗೆ ಹಾಗೆಯೇ ಇಳಿಸು ಎಂದು ಹೇಳಿ ಸಾವಕಾರ್ರು ಹೊರಗೆ ನಿಂತು ಕಂಪನಿಯ ಡಾಕ್ಟರಿಗೆ ಫೋನು ಹಚ್ಚಿದರು. ಮರಿ ಕೊಡುವ ಕಂಪನಿಯವರು ಈ ಡಾಕ್ಟರನ್ನು ಮಸ್ಕಿಯಿಂದ ಸಿಂಧನೂರಿನ ತನಕ ತಮ್ಮ ಎಲ್ಲ ಫಾರ್ಮುಗಳನ್ನು ನೋಡಿಕೊಳ್ಳಲು ಇಟ್ಟಿದ್ದರು. ಸಾವಕಾರ್ರ ಮಾತು ನನಗೆ ಕಿಟಕಿಯಲ್ಲಿ ಕೇಳಿಸುತ್ತಿತ್ತು.

"ತೊಳಿಯಾಕಿ ಮುದುಕಿ ಆಗ್ಯಾಳ್ರಿ. ಕೈ ನಡಿಯವಲ್ದು. ನೀರಿನ ಡಬ್ಬಿ ಸಾಫ ಆಗವಲ್ದು, ಅದಕ್ಕ ರೋಗ ಬಂದೈತಿ. ಬಿಡಿಸಿಬಿಡ್ತೀನಿ ಆಕೀನ್ನ. ನಾಳಿ ಬಂದು ನೀವೂ ಬರ್ಕೊಂಡು ಹೋಗ್ರಿ."

ಆಗ ನನಗೆ ಅರ್ಥವಾಯಿತು. ಒದ್ದೆ ನೆಲದ ಮೇಲೆ ಅವಸರದಲ್ಲಿ ಮರಿ ಇಳಿಸಿದ್ದು ಗೊತ್ತಾದರೆ ಕಂಪನಿ ಸಾವಕಾರ್ರನ್ನು ಕೇಳುತ್ತದೆ. ಎರಡು ಶೆಡ್ಡಿನ ಸಾವು ಒಂದೇ ಅಂಕಿಯಾದರೆ ಮಷೀನು ತೊಳೆದದ್ದು ಯಾವುದು, ದೊಡ್ಡವ್ವ ತೊಳೆದದ್ದು ಯಾವುದು ಎಂದು ಯಾರಿಗೂ ಕಾಣುವುದಿಲ್ಲ. ಆ ಡಾಕ್ಟರು "ತೊಳೆಯುವವಳ ತಪ್ಪು" ಎಂದು ಬರೆದುಕೊಂಡು ಹೋದರೆ ದೊಡ್ಡವ್ವನಿಗೆ ಇಲ್ಲಷ್ಟೇ ಅಲ್ಲ, ಈ ಭಾಗದ ಯಾವ ಫಾರ್ಮಿನಲ್ಲೂ ಯಾರೂ ಬುಟ್ಟಿ ಕೊಡುವುದಿಲ್ಲ.

ದೊಡ್ಡವ್ವ ಹೊರಗೆ ಡಬ್ಬಿ ತೊಳೆಯುತ್ತಿದ್ದರು. ಹೋಗಿ ಎಲ್ಲ ಹೇಳಿದೆ. ನಾನು ಬರೆದದ್ದನ್ನೂ ಹೇಳಿದೆ. ಅವರು ಬ್ರಷ್ಷು ನಿಲ್ಲಿಸಲಿಲ್ಲ.

"ನಿನಗ ಬರಿಯಾಕ ಬರ್ತೈತಿ, ನನಗ ಬರಂಗಿಲ್ಲ. ನಾ ತೊಳದದ್ದು ಎಲ್ಲಿ ಉಳದೈತಿ ಹೇಳು? ನೆಲದ ಮ್ಯಾಲ ಮತ್ತ ಹೊಟ್ಟು ಬೀಳ್ತೈತಿ. ಡಬ್ಬಿ ಸಂಜೀಕ ಮತ್ತ ಹೊಲಸ ಆಗ್ತೈತಿ. ನಿನ್ನ ಪುಸ್ತಕದಾಗ ಅಷ್ಟ ಉಳೀತೈತಿ, ಇಲ್ಲಿ ನಾಲ್ಕು, ಅಲ್ಲಿ ಮೂವತ್ತು ಅಂತ. ಅದನ್ನೂ ನೀ ಕೂಡಿಸಿದ್ರ ನನ್ನ ಕೈ ಎಲ್ಲಿ ಹೋತು?"

ನಾನು ಮೇಜಿಗೆ ಬಂದು ಮೂವತ್ಮೂರರ ಮೇಲೆ ಒಂದೇ ಗೀಟು ಎಳೆದೆ, ಕೆಳಗಿನ ಅಂಕಿ ಕಾಣುವಂತೆ. ಪಕ್ಕದಲ್ಲಿ ಎರಡು, ಮೂವತ್ತೊಂದು ಎಂದು ಬರೆದು ನನ್ನ ಸಹಿ ಹಾಕಿದೆ. ಹೊಸ ಹಾಳೆ ಮಾಡಲಿಲ್ಲ.

*

ಒಂಬತ್ತನೇ ದಿನ ಗುರುವಾರ, ಡಾಕ್ಟರು ಬಂದರು. ಎಳೆ ವಯಸ್ಸು, ಹೊಳೆಯುವ ಬೂಟು. ದೊಡ್ಡವ್ವ ಅವರ ಬೂಟು ಬಿಚ್ಚಿಸಿ ಸುಣ್ಣದ ನೀರಿನಲ್ಲಿ ನಿಲ್ಲಿಸಿದರು. ಸಾವಕಾರ್ರು, "ಇಕಿನ ರೀ ನಾ ಹೇಳಿದಾಕಿ" ಎಂದರು.

"ಹೌದ್ರಿ ಸಾಹೇಬ್ರ, ನಾನ. ಬರ್ರಿ, ಪೈಲಾ ಎರಡನೇ ಶೆಡ್ಡು ನೋಡ್ರಿ."

ಡಾಕ್ಟರು ಒಳಗೆ ನಿಂತು ಸುತ್ತ ನೋಡಿದರು. "ವಾಸನಿ ಏನು ಅಷ್ಟಿಲ್ಲಲ್ಲ."

"ಕೆಳಗ ಬರ್ರಿ."

ಅವರು ಸ್ವಲ್ಪ ಬಗ್ಗಿದರು.

"ಇನ್ನಾ ಕೆಳಗ ರೀ. ಅವು ನಿಮ್ಮಷ್ಟು ಎತ್ತರ ಇಲ್ಲ."

ಡಾಕ್ಟರು ಮೊಣಕಾಲೂರಿ, ಒಂದು ಕೈ ನೆಲಕ್ಕೆ ಕೊಟ್ಟು, ಮುಖವನ್ನು ಮರಿಗಳ ಸಾಲಿಗೆ ತಂದರು. ಎರಡು ಉಸಿರಿಗೆ ಕಣ್ಣಲ್ಲಿ ನೀರು ಬಂತು, ಕೆಮ್ಮುತ್ತ ಎದ್ದರು. ದೊಡ್ಡವ್ವ ಆ ದೊಡ್ಡ ಕೈಯನ್ನು ಹೊಟ್ಟಿನೊಳಗೆ ತೂರಿಸಿ, ತಳದಿಂದ ಒಂದು ಹೆಂಟೆ ಎತ್ತಿ ಬೆಳಕಿಗೆ ಹಿಡಿದರು. ಮೇಲೆ ಒಣ ಹೊಟ್ಟು. ಕೆಳಗೆ ಕರಿ ಕೆಸರು. ನಡುವೆ ಹತ್ತಿಯಂತೆ ಬಿಳಿ ಬೂಷ್ಟು.

"ಇದನ್ನ ನಾ ತೊಳದಿಲ್ರಿ. ನಾ ತೊಳದದ್ದು ಆ ಶೆಡ್ಡು. ಅಲ್ಲೂ ಕೈ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಎರಡಕ್ಕೂ ಡಬ್ಬಿ ತೊಳಿಯಾಕಿ ನಾನ. ಡಬ್ಬಿ ಕೆಟ್ಟಿದ್ರ ಎರಡೂ ಕಡಿ ಸಾಯಬೇಕಿತ್ತಲ್ಲ."

ಡಾಕ್ಟರು ಕಣ್ಣೊರೆಸಿಕೊಂಡು, "ಯಾವ ಶೆಡ್ಡಿನ್ಯಾಗ ಎಷ್ಟು ಸತ್ತಾವ?" ಎಂದು ಕೇಳಿದರು.

"ಎರಡೂ ಕೂಡಿಸಿ ಬರದೀವ್ರಿ" ಎಂದರು ಸಾವಕಾರ್ರು.

"ಇಲ್ಲ ರೀ, ಬೇರೆ ಬೇರೆ ಐತಿ" ಎಂದೆ ನಾನು. ನನ್ನ ದನಿ ನನಗೇ ಗಟ್ಟಿಯೆನಿಸಿತು. ಪುಸ್ತಕ ತೆರೆದು ದಿನದಿನದ ಎರಡು ಸಾಲನ್ನು ಓದಿದೆ. ಗೀಟು ಎಳೆದ ಜಾಗದಲ್ಲಿ ಡಾಕ್ಟರು ಬೆರಳಿಟ್ಟು ನನ್ನತ್ತ ನೋಡಿದರು. "ಅದು ನನ್ನ ತಪ್ಪು ರೀ, ತಿದ್ದೀನಿ" ಎಂದೆ. ಸಾವಕಾರ್ರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

"ಇದನ್ನ ತೊಳದವರು ಯಾರು?" ಎಂದರು ಡಾಕ್ಟರು. ಉತ್ತರಕ್ಕೆ ಕಾಯದೆ, ಒದ್ದೆ ಹೊಟ್ಟೆಲ್ಲ ತೆಗೆಯಬೇಕು, ಪರದೆ ಎತ್ತಿ ಗಾಳಿ ಬಿಡಬೇಕು ಎಂದು ಬರೆದುಕೊಟ್ಟು ಹೋದರು.

ಜೀಪು ಕಾಲುವೆ ದಾಟುವ ತನಕ ಸಾವಕಾರ್ರು ತಾಳಿಕೊಂಡರು.

"ನಾಳಿಂದ ಬರಬ್ಯಾಡ ಬೇ. ನೀನೂ ಅಷ್ಟ, ಬಳಗಾನೂರಾಕಿ."

"ಹುಡುಗಿ ಮಾತು ನಿಮಗೂ ಆಕಿಗೂ ಬಿಟ್ಟದ್ದು. ನಾ ಬರ್ತೀನ್ರಿ" ಎಂದರು ದೊಡ್ಡವ್ವ.

"ಬರಬ್ಯಾಡ ಅಂದೆ."

"ಕೇಳಿಸ್ತರಿ. ಅಲ್ಲಿ ಒಳಗ ಇನ್ನಾ ಜೀವ ಅದಾವ. ಅವು ಲಾರಿ ಹತ್ತಲಿ, ಆಮ್ಯಾಲ ಹೇಳ್ರಿ. ಆಗ ಹೋಗ್ತೀನಿ."

ಶುಕ್ರವಾರ ಬೆಳಿಗ್ಗೆ ಎಂದಿನ ಹೊತ್ತಿಗೇ ಅವರು ಬುಟ್ಟಿ ಹಿಡಿದು ಎರಡನೇ ಶೆಡ್ಡಿನ ಬಾಗಿಲಲ್ಲಿದ್ದರು. ನಾನೂ ಇದ್ದೆ. ಹೇಗೆ ಧೈರ್ಯ ಬಂತು ಎಂದು ಕೇಳಿದರೆ, ಅವರು ಬರುತ್ತೇನೆ ಅಂದ ಮೇಲೆ ನಾನು ಮನೆಯಲ್ಲಿ ಕೂರುವುದು ನಾಚಿಕೆಗೇಡು ಅನ್ನಿಸಿತ್ತು, ಅಷ್ಟೆ.

ಜೀವಂತ ಮರಿಗಳಿರುವ ಶೆಡ್ಡನ್ನು ಶುಚಿ ಮಾಡುವುದು ಖಾಲಿ ಶೆಡ್ಡಿನಂತಲ್ಲ. ತಗಡು ನಿಲ್ಲಿಸಿ ಶೆಡ್ಡನ್ನು ಭಾಗ ಮಾಡಿದೆವು. ಮರಿಗಳನ್ನು ಒಂದು ಕಡೆಗೆ ಮೆಲ್ಲಗೆ ಸರಿಸಿ, ಖಾಲಿಯಾದ ಕಡೆಯ ಒದ್ದೆ ಹೊಟ್ಟನ್ನು ಪೊರಕೆ ಬಳಸದೆ, ಧೂಳೇಳದಂತೆ, ಕೈಯಿಂದ ಬುಟ್ಟಿಗೆ ತುಂಬಿ ಹೊರಗೆ ಹೊತ್ತೆವು. ನೆಲ ಕೆರೆದು, ಒಣ ಸುಣ್ಣ ಎರಚಿ, ಗಾಳಿಗೆ ಬಿಟ್ಟು, ಮತ್ತೆ ಮುಂದಿನ ಭಾಗ. ಪುಸ್ತಕ ಹಿಡಿಯಲು ಕೈ ಶುಚಿಯಿರಲಿಲ್ಲ. ಬುಟ್ಟಿಗೊಂದರಂತೆ ಕಂಬದ ಮೇಲೆ ಸುಣ್ಣದ ಬೊಟ್ಟಿಟ್ಟೆ.

"ನೋಡ್ರೆವ್ವಾ, ಕಾಗದದವ್ವನ ಕೈಗೂ ಹತ್ತಿತು" ಎಂದು ದೊಡ್ಡವ್ವ ಮರಿಗಳಿಗೆ ಹೇಳಿದರು.

ಎರಡನೇ ದಿನ ಸಾವಕಾರ್ರು ಬಂದು ಹೊರಗೆ ನಿಂತು ನೋಡಿದರು. ಬೈಯಲೂ ಇಲ್ಲ, ಕರೆಯಲೂ ಇಲ್ಲ. ಮಧ್ಯಾಹ್ನ ಅವರ ಟ್ರ್ಯಾಕ್ಟರು ಗಿರಣಿಯಿಂದ ಹೊಸ ಹೊಟ್ಟು ತಂದು ನಿಂತಿತು. ದೊಡ್ಡವ್ವ ಚೀಲದೊಳಗೆ ಕೈ ತೂರಿಸಿ ಒಂದು ಹಿಡಿ ತೆಗೆದು ಹಿಂಡಿದರು. ಹೊಟ್ಟು ಉದುರಲಿಲ್ಲ, ಮುಷ್ಟಿಯ ಆಕಾರದಲ್ಲೇ ಉಳಿಯಿತು.

"ಇದು ಬಯಲಾಗ ನೆನದೈತಿ. ವಾಪಸ್ ಒಯ್ಯಿ."

"ಸಾವಕಾರ್ರು ಕಳಿಸ್ಯಾರ ಬೇ" ಎಂದ ಡ್ರೈವರು.

"ಹಂಗಾದ್ರ ಅವರ ಮನಿಗೆ ಒಯ್ಯಿ, ಹಾಸ್ಕೋತಾರ."

ಸಂಜೆಗೆ ಒಣ ಹೊಟ್ಟು ಬಂತು.

ಮೂರು ದಿನ, ಇನ್ನೂರಾ ಹದಿನಾಲ್ಕು ಬೊಟ್ಟು. ಎರಡನೇ ಶೆಡ್ಡಿನ ಸಾವಿನ ಸಾಲು ಹೀಗೆ ಇಳಿಯಿತು: ಇಪ್ಪತ್ತಾರು, ಹದಿನೇಳು, ಒಂಬತ್ತು, ಆರು, ನಾಲ್ಕು. ಐದು ದಿನದ ನಂತರ ಶೆಡ್ಡಿನಲ್ಲಿ ಸದ್ದು ಶುರುವಾಯಿತು. ಅಷ್ಟು ಸಾವಿರ ಮರಿ ಒಟ್ಟಿಗೆ ಚಿಲಿಪಿಲಿ ಎನ್ನುವುದನ್ನು ಕೇಳಿ ದೊಡ್ಡವ್ವ, "ಬಾಯಿ ಬಂತು" ಎಂದಷ್ಟೇ ಹೇಳಿ ಡಬ್ಬಿ ತೊಳೆಯಲು ಹೋದರು.

*

ನಲವತ್ತೆರಡನೇ ದಿನ ಮಂಗಳವಾರ ಬೆಳಿಗ್ಗೆ ಲಾರಿ ಬಂತು. ಎರಡೂ ಶೆಡ್ಡಿನ ಕೋಳಿ ಎಣಿಸಿ ಏರಿಸಿದರು. ನಾನು ಬಾಗಿಲಲ್ಲಿ ನಿಂತು ಬರೆದುಕೊಂಡೆ. ಲಾರಿ ಇನ್ನೂ ಅಂಗಳದಲ್ಲಿ ಗುರುಗುಡುತ್ತಿತ್ತು, ಅಷ್ಟರಲ್ಲಿ ದೊಡ್ಡವ್ವ ಎರಡನೇ ಶೆಡ್ಡಿನ ದೂರದ ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಕೆರೆಯಲು ಶುರುಮಾಡಿದ್ದರು. ಕೋಳಿಗಳು ಲಾರಿ ಹತ್ತಿದ ಮೇಲೆ ಹೋಗು ಅನ್ನಿರಿ ಎಂದು ಅವರೇ ಹೇಳಿದ್ದರಲ್ಲ; ನಾನು ಸಾವಕಾರ್ರ ಬಾಯಿಯನ್ನೇ ನೋಡುತ್ತಿದ್ದೆ.

ಸಾವಕಾರ್ರು ಶೆಡ್ಡಿನ ಬಾಗಿಲಿಗೆ ಬಂದರು. ಹೊಸ್ತಿಲು ದಾಟದೆ ಅಲ್ಲಿಂದಲೇ ಕೂಗಿ ಕೇಳಿದರು:

"ಕಂಪನಿಯವರು ಮರಿ ಯಾವಾಗ ಕಳಸಲಿ ಅನ್ನಾಕತ್ತಾರ. ಎಷ್ಟು ದಿನ ಬೇಕು ಬೇ ನಿನಗ?"

ದೊಡ್ಡವ್ವ ತಿರುಗಿ ನೋಡಲಿಲ್ಲ. ಕುರ್ಪಿಯೂ ನಿಲ್ಲಲಿಲ್ಲ.

"ಗದ್ದ್ಯಾಗ ನೀರು ಅದಾವ್ರಿ ಇನ್ನಾ. ದಿನ ಹೆಂಗ ಹೇಳ್ಲಿ? ನೆಲ ಒಣಗಲಿ, ಆಮ್ಯಾಲ ನಾನ ಹೇಳ್ತೀನಿ."

 ಸಾವಕಾರ್ರು ನನ್ನ ಕಡೆ ತಿರುಗಿದರು.

"ಆಕಿ ಹೇಳಿದ್ದು ಬರ್ಕೋ."

ಫಾರ್ಮಿನ ಪುಸ್ತಕದಲ್ಲಿ ಪ್ರತಿ ಬ್ಯಾಚಿನ ಕೊನೆಗೆ "ಮುಂದಿನ ಮರಿ ಇಳಿಸುವ ದಿನ" ಎಂದು ಒಂದು ಚೌಕ ಇರುತ್ತದೆ. ಅಲ್ಲಿ ದಿನಾಂಕವನ್ನಲ್ಲದೆ ಬೇರೇನನ್ನೂ ನಾನು ಅದುವರೆಗೆ ಬರೆದಿರಲಿಲ್ಲ. ಆ ದಿನ ಬರೆದೆ: "ದೊಡ್ಡವ್ವ ಹೇಳಿದ ಮೇಲೆ." ಸಾವಕಾರ್ರು ಪುಸ್ತಕ ಇಸಿದುಕೊಂಡು, ಓದಿ, ಅದರ ಕೆಳಗೆ ಸಹಿ ಮಾಡಿದರು.